ಪಾರ್ವತೆವ್ವನ ಎಡ ಅಂಗೈ

ಬೆನ್ನು ಬೆಚ್ಚಗಾಗುತ್ತಿದೆ, ಸೀಟಿನೊಳಗಿಂದ ಮೆಲ್ಲಗೆ ಏರುವ ಬಿಸಿ, ಯಾವಾಗ ಒತ್ತಿದಳೋ ಆ ಗುಂಡಿಯನ್ನು ತನ್ವಿ, ಹೇಳಲೂ ಇಲ್ಲ ಕೇಳಲೂ ಇಲ್ಲ, ಅಜ್ಜಿಗೆ ಸೊಂಟ ಹಿಡಿಯುತ್ತದೆ ಎಂದು ತಾನೇ ನೆನಪಿಟ್ಟುಕೊಂಡು ಮಾಡಿದ್ದು, ಇಂಥದನ್ನೆಲ್ಲ ಈ ಮೊಮ್ಮಗಳಿಗೆ ಯಾರು ಕಲಿಸಿದರು — ಹೊರಗೆ ಮಾರ್ಚ್ ತಿಂಗಳ ಕೊಳಕು ಹಿಮ, ರಸ್ತೆಬದಿಗೆ ತಳ್ಳಿ ಕರ್ರಗಾದ ಗುಡ್ಡೆಗಳು, ಸ್ಟೀಲ್ಸ್ ರಸ್ತೆಯ ಮೇಲೆ ಲಾರಿಯ ಹಿಂದೆ ಲಾರಿ, ಎಲ್ಲ ಬ್ರ್ಯಾಂಪ್ಟನ್ನಿನ ಗೋದಾಮುಗಳಿಗೆ ಹೊರಟವು, ನಾವೂ ಬ್ರ್ಯಾಂಪ್ಟನ್ನಿಗೇ, ಹನ್ನೊಂದೂವರೆಗೆ ಶವಪೆಟ್ಟಿಗೆ ಮುಚ್ಚುತ್ತಾರಂತೆ, ಅಷ್ಟರೊಳಗೆ ತಲುಪಬೇಕು, ತೊಡೆಯ ಮೇಲೆ ಬಿಳಿ ವಸ್ತ್ರದಲ್ಲಿ ಸುತ್ತಿದ ಪಾರ್ವತೆವ್ವನ ಇಷ್ಟಲಿಂಗ, ಬೆಳ್ಳಿಯ ಕರಡಿಗೆಯೊಳಗೆ, ಕೊರಳಿಗೆ ಹಾಕುವ ಶಿವದಾರದ ಸಮೇತ, ನಿಂಬೆಹಣ್ಣಿನಷ್ಟು ಭಾರ, ಮೊದಲು ಕೈಚೀಲದಲ್ಲಿಟ್ಟಿದ್ದೆ, ಬೀಗದ ಕೈ ಮಾತ್ರೆಡಬ್ಬಿಗಳ ಜೊತೆಗೆ ಇದನ್ನೂ ಹಾಕುವುದೇ ಅನ್ನಿಸಿ ಹೊರತೆಗೆದೆ — ಬೆಳಿಗ್ಗೆ ಎಂಟಕ್ಕೆ ಶ್ರೀಕಾಂತನ ಫೋನು, ಪಾರ್ವತೆವ್ವನ ಒಬ್ಬನೇ ಮಗ, ಬರ್ಲಿಂಗ್ಟನ್ನಿನಲ್ಲಿ ಇಂಜಿನಿಯರು, ಆಂಟಿ, ಅವ್ವನ ಲಿಂಗ ನಿಮ್ಮ ಕಡೆ ಐತಂತಲ್ರಿ, ನರ್ಸ್ ಹೇಳಿದ್ಲು, ಮಣ್ಣ ಮಾಡೂ ಮುಂದ ಅದನ್ನ ಎಡಗೈಯಾಗ ಇಡಬೇಕಂತ್ರಿ, ಗದಗಿಂದ ಅಯ್ನಾರು ಫೋನ್‌ನ್ಯಾಗ ಹೇಳಾಕತ್ತಾರ, ಜೀವ ಇರೂತನಕ ಅದು ಕುಂದ್ರೂ ಜಾಗಾ ಅದ ಅಂತ, ನಂಗೇನ್ ಗೊತ್ರಿ ಇದೆಲ್ಲ, ತರ್ತೀರಲ್ಲ? — ತರ್ತೀನಪ್ಪಾ ಎಂದೆ, ಎಂದವಳೇ ಅಡುಗೆಮನೆಯ ಕುರ್ಚಿಯ ಮೇಲೆ ಕೂತುಬಿಟ್ಟೆ, ಎಡಗೈ ಅಂದನಲ್ಲ, ಜೀವ ಇರುವ ತನಕ ಅಂದನಲ್ಲ, ಒಲೆಯ ಮೇಲೆ ಹಾಲು ಉಕ್ಕಿತು, ಉಕ್ಕಲಿ ಎಂದು ನೋಡುತ್ತಲೇ ಇದ್ದೆ.

ಅಜ್ಜಿ, ಆರ್ ಯೂ ಓಕೆ? ಯೂ ಆರ್ ಟೂ ಕ್ವಾಯೆಟ್ — ಏನಿಲ್ಲ ಕಂದ, ನೀನು ರಸ್ತೆ ನೋಡು — ತನ್ವಿಯೂ ಅತ್ತಿದ್ದಾಳೆ, ಕಣ್ಣಂಚಿನ ಕಪ್ಪು ಹರಡಿದೆ, ಅವಳಿಗೆ ಪಾರ್ವತೆವ್ವ ಇವತ್ತಿಗೂ ಸ್ಟಾಪ್ ಅಜ್ಜಿ, ಐದು ವರ್ಷದ ಮಗುವಿದ್ದಾಗ ಇಟ್ಟ ಹೆಸರು, ಇಪ್ಪತ್ತು ವರ್ಷವಾಯಿತು, ಯಜಮಾನರು ಹೋದ ಮೇಲೆ ನಾನು ಮೈಸೂರು ಬಿಟ್ಟು ಈ ದೇಶಕ್ಕೆ, ರೆಕ್ಸ್‌ಡೇಲಿಗೆ ಮಗ ಗಿರೀಶನ ಮನೆಗೆ ಬಂದ ಮೊದಲ ಚಳಿಗಾಲ, ಮಗುವನ್ನು ಸ್ಕೂಲಿಗೆ ನಡೆಸಿಕೊಂಡು ಹೋಗುವುದೊಂದೇ ನನ್ನ ಉದ್ಯೋಗ, ಓಡಬೇಡವೇ ಜಾರಿ ಬಿದ್ದೀಯೆ ಎಂದು ಕೂಗಿದೆ, ಆಗ ರಸ್ತೆ ದಾಟಿಸಲು ನಿಂತಿದ್ದ ಹೆಂಗಸು, ಕಿತ್ತಳೆ ಬಣ್ಣದ ಕೋಟು, ಕಣ್ಣು ಮಾತ್ರ ಕಾಣುವ ಹಾಗೆ ಸುತ್ತಿದ ಉಣ್ಣೆಯ ಮಫ್ಲರು, ಕೈಯಲ್ಲಿ ಸ್ಟಾಪ್ ಎಂದು ಬರೆದ ಕೆಂಪು ಫಲಕ, ಎರಡೂ ಕಡೆಯ ಕಾರುಗಳನ್ನು ನಿಲ್ಲಿಸಿಕೊಂಡು ನಡುರಸ್ತೆಯಲ್ಲಿ ನನ್ನ ಕಡೆ ತಿರುಗಿ, ಯಾವೂರ್ರಿ ಅಕ್ಕಾರ ನಿಮ್ದು? — ಅಷ್ಟೂ ಕಾರುಗಳು ಕಾಯುತ್ತಿವೆ, ಅವಳಿಗೆ ಉತ್ತರ ಬೇಕು, ಮೈಸೂರು ಎಂದೆ ಸಂಕೋಚದಿಂದ, ಗದಗ ರಿ ನಮ್ದು, ಅಡ್ಡಿಯಿಲ್ಲ, ಇಲ್ಲಿ ಎಲ್ಲಾ ಒಂದ ಊರು, ದಾಟ್ರಿ ದಾಟ್ರಿ, ಸಂಜಿಕ ಮಾತಾಡೂಣು — ಸಂಜೆ ಅವಳ ಕೋಟಿನ ಜೇಬಿನಿಂದ ಒಂದು ಜೊತೆ ಕೈಗವಸು ಬಂತು, ನನ್ನ ಬರಿಗೈ ನೋಡಿದ್ದಳಲ್ಲ ಬೆಳಿಗ್ಗೆ, ಆ ಜೇಬಿನಲ್ಲಿ ಯಾವಾಗಲೂ ಮೂರು ನಾಲ್ಕು ಜೊತೆ ಇರುತ್ತಿದ್ದವು, ಹೊಸದಾಗಿ ಬಂದ ಮನೆಗಳ ಮಕ್ಕಳಿಗೆ, ಸೊಮಾಲಿಯಾದವರೋ ಪಂಜಾಬಿನವರೋ ಅವಳಿಗೆ ಲೆಕ್ಕವಿಲ್ಲ, ಇಪ್ಪತ್ನಾಲ್ಕು ವರ್ಷ ಅದೇ ಮೂಲೆಯಲ್ಲಿ ನಿಂತಳು, ಒಂದು ಮಗುವಿಗೂ ಗೀರು ಬೀಳಲಿಲ್ಲ.

ನಗರಸಭೆಯವರು ಕರೆದು ಗೌರವಿಸಿದರು ಒಮ್ಮೆ, ಮರದ ಚೌಕಟ್ಟಿನ ಫಲಕ, ಅವಳ ಹೆಸರನ್ನು ಆ ಬಿಳಿಯ ಮನುಷ್ಯ ಮೂರು ಸಲ ಪ್ರಯತ್ನಪಟ್ಟು ಓದಿದ, ಆಮೇಲೆ ಅವಳ ಮನೆಗೆ ಹೋದರೆ ಆ ಫಲಕದ ಮೇಲೆ ಬಿಸಿ ಝುಣಕದ ಪಾತ್ರೆ, ಅಯ್ಯೋ ಪಾರ್ವತೆವ್ವ ಇದೇನಿದು ಎಂದರೆ, ಟೇಬಲ್ ಸುಡತೈತ್ರಿ ಅಕ್ಕಾರ, ಗೌರವ ಎಷ್ಟ ಉಪಯೋಗ ಬಿತ್ತು ನೋಡ್ರಿ — ಎಷ್ಟು ನಕ್ಕೆವು, ಕಣ್ಣಲ್ಲಿ ನೀರು ಬರುವ ಹಾಗೆ, ಅವಳೊಡನೆ ನಗುವುದಕ್ಕೆ ಇನ್ನೊಂದು ಮಧ್ಯಾಹ್ನ ಸಿಗುವುದಿದ್ದರೆ, ಇನ್ನೊಂದೇ ಒಂದು — ಭಾನುವಾರ ಬಂತೆಂದರೆ ಎರಡು ಬಸ್ಸು ಬದಲಾಯಿಸಿ ಬ್ರ್ಯಾಂಪ್ಟನ್ನಿಗೆ, ಚೀಲದ ತುಂಬ ಸಜ್ಜೆರೊಟ್ಟಿ, ಶೇಂಗಾ ಚಟ್ನಿ, ಅಲ್ಲಿ ಬೇಸ್‌ಮೆಂಟುಗಳಲ್ಲಿ ಆರಾರು ಜನ ತುಂಬಿಕೊಂಡಿರುವ ನಮ್ಮ ಕಡೆಯ ಕಾಲೇಜು ಹುಡುಗಿಯರಿಗೆ, ಬಾಗಿಲು ತೆಗೆದ ಕೂಡಲೇ ಮೊದಲ ಮಾತು ಉಂಡ್ರ್ಯಾ? ಎರಡನೆಯದು ಮನಿಗೆ ಫೋನ್ ಮಾಡಿದ್ರ್ಯಾ? ಒಬ್ಬಳಿಗೆ ಜ್ವರ ಬಂದು ಏಳಲಾರದೆ ಮಲಗಿದ್ದಾಗ ಇವಳೇ ಆಸ್ಪತ್ರೆಯಲ್ಲಿ ಒಂಬತ್ತು ಗಂಟೆ ಕಾಲ ಪಕ್ಕದಲ್ಲಿ ಕೂತಿದ್ದಳು, ನಿನಗೇನಾಗಬೇಕು ಈಕೆ ಎಂದು ಡಾಕ್ಟರು ಕೇಳಿದರೆ, ನೆಬರ್, ಎಂದಳಂತೆ, ಇಪ್ಪತ್ತು ಕಿಲೋಮೀಟರು ದೂರದ ನೆಬರ್ — ಮತ್ತೆ ಆ ಫೋನುಗಳು, ಬೆಳಿಗ್ಗೆ ಏಳೂವರೆಗೆ ಸರಿಯಾಗಿ, ಪೂಜೆ ಮುಗಿಸಿ ತಿಂಡಿಗೆ ಮೊದಲು, ಒಂಟಿಯಾಗಿರುವ ಹನ್ನೊಂದು ಮಂದಿ ಮುದುಕ ಮುದುಕಿಯರಿಗೆ ಒಬ್ಬೊಬ್ಬರಿಗೂ, ಎದ್ದೀರೇನ್ರಿ? ಹಾಂ, ಅಷ್ಟ ಕೇಳಾಕ ಮಾಡಿದ್ದು, ಇಡ್ತೀನಿ — ನಾನು ಒಂಟಿಯಲ್ಲ, ಮಗ ಸೊಸೆ ಇದ್ದಾರೆ, ಆದರೂ ಹನ್ನೆರಡನೆಯವಳಾಗಿ ನನಗೂ ಮಾಡುತ್ತಿದ್ದಳು, ಯಾಕೆಂದು ಕೇಳಲಿಲ್ಲ ನಾನು, ಅವಳೂ ಹೇಳಲಿಲ್ಲ, ಹನ್ನೆರಡೂ ಜನ ಹೂಂ ಎಂದ ಮೇಲೆಯೇ ಅವಳ ಬಾಯಿಗೆ ತುತ್ತು, ದಾಸೋಹ ಅಂದ್ರ ಬರೇ ಉಣ್ಣಿಸೂದಲ್ರಿ, ಉಂಡ್ರೋ ಇಲ್ಲೋ ಕೇಳೂದು, ಎನ್ನುತ್ತಿದ್ದಳು, ಉಪದೇಶದಂತಲ್ಲ, ಬದನೆಕಾಯಿ ಹೆಚ್ಚುತ್ತಾ ಹೇಳುವ ಮಾತು. ಈಗ ಏಳೂವರೆ ಆಗುತ್ತದೆ, ಆಗಿ ಹೋಗುತ್ತದೆ.

ಸಾವಿನ ಮಾತನ್ನೂ ಹಾಗೆಯೇ ಆಡುತ್ತಿದ್ದಳು, ನಮ್ಮಲ್ಲಿ ಸುಡೂದಿಲ್ರಿ, ಕುಂದ್ರಿಸಿ ಮಣ್ಣ ಮಾಡ್ತಾರ, ಈ ದೇಶದಾಗ ಕುಂದ್ರಸಾಕ ಬಿಡಂಗಿಲ್ಲಂತ, ಪೆಟಗಿಯೊಳಗ ಮಲಗಬೇಕಂತ, ಇರ್ಲಿ ಬಿಡ್ರಿ, ಜಲ್ಮಪೂರ್ತಿ ನಿಂತ ಕೆಲಸಾ ಮಾಡೀನಿ, ಒಂದೀಟ ಅಡ್ಡಾಗ್ತೀನಿ — ಅಂದೆಲ್ಲ ಹೇಳಿದವಳು, ಅಂದಿದ್ದೆಲ್ಲ ನನಗೆ ನೆನಪಿದೆ, ನೆನಪಿತ್ತು, ಅದೇ ಅಲ್ಲವೇ — ಆ ಹಿಮದ ಬಿರುಗಾಳಿಯ ಡಿಸೆಂಬರು, ಮರಗಳೆಲ್ಲ ಗಾಜಿನ ಹಾಗೆ ಹೆಪ್ಪುಗಟ್ಟಿ ಮುರಿದು ಬಿದ್ದು ಊರಿಗೆ ಊರೇ ಕರೆಂಟಿಲ್ಲದೆ ಕೂತಾಗ, ನಮ್ಮದು ಗ್ಯಾಸ್ ಒಲೆ ಎಂದು ಅವಳನ್ನು ಮನೆಗೆ ಕರೆತಂದೆವು, ತಾನೊಬ್ಬಳೇ ಬರಲಿಲ್ಲ, ಮೂವರು ಹುಡುಗಿಯರನ್ನೂ ಹಿಂದಿಟ್ಟುಕೊಂಡು ಬಂದಳು, ಬೆಳಿಗ್ಗೆ ನಾನು, ನಮ್ಮ ದೇವರ ಮನೇಲೇ ಪೂಜೆಗೆ ಕೂತ್ಕೊಳ್ಳಿ ಪಾರ್ವತೆವ್ವ, ಎಂದರೆ, ಬ್ಯಾಡ್ರಿ, ನಿಮ್ಮ ದೇವ್ರಿಗೆ ಇಕ್ಕಟ್ಟಾಕ್ಕೈತಿ, ಎಂದು ನಕ್ಕು ಮೆಟ್ಟಿಲ ಮೇಲೆಯೇ ಕೂತಳು, ಹುಡುಗಿಯರು ಅತ್ತ ಇತ್ತ ದಾಟಿಕೊಂಡು ಓಡಾಡುತ್ತಿದ್ದಾರೆ, ಹಲ್ಲುಜ್ಜುವ ಬ್ರಷ್ಷು ಹುಡುಕುತ್ತಿದ್ದಾರೆ, ಇವಳು ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಳು, ಅಂಗೈ ಕಣ್ಣಿನ ಮಟ್ಟಕ್ಕೆ ಏರಿತು, ನಿಂತಿತು, ಬಲಗೈ ಹನಿ ನೀರು, ವಿಭೂತಿ, ಒಂದು ಎಸಳು ಹೂವು, ಎಡಗೈ ಮಾತ್ರ ಅಲುಗಲಿಲ್ಲ, ಅರವತ್ತು ದಾಟಿದವಳ ಕೈ, ಒಂದು ದೀಪದ ಜ್ವಾಲೆಯಷ್ಟೂ ಅಲುಗಲಿಲ್ಲ, ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತೇ ಇದ್ದೆ, ನನಗೆ ನನ್ನ ಮಡಿ, ನನ್ನ ದೇವರ ಮನೆ, ಸಂಪುಟದಲ್ಲಿ ಸಾಲಿಗ್ರಾಮ, ಅತ್ತೆಯವರಿಂದ ಬಂದದ್ದು, ಅಲ್ಲಿ ಹೋಗಿ ನಾವು ಕೂರಬೇಕು, ಇವಳ ದೇವರು ಇವಳು ಹೋದಲ್ಲಿಗೆಲ್ಲ ಬರುತ್ತಾನೆ, ಬಸ್ಸಿಗೆ, ಆಸ್ಪತ್ರೆಗೆ, ಸ್ಕೂಲಿನ ಮೂಲೆಗೆ — ತಣ್ಣಗಾಯ್ತು ಕಾಫಿ, ಮೊದಲೇ ಕುಡೀಬಾರದಿತ್ತಾ ಈ ಚಳಿಗೆ, ಎಂದೆ, ಇದು ಅಂಗೈಗೆ ಬರೂತನಕ ನೀರೂ ಇಳಿಯಂಗಿಲ್ರಿ ಅಕ್ಕಾರ, ಎಂಟ ವರ್ಷದಾಕಿ ಇದ್ದಾಗಿಂದ ಹಿಂಗ, ಎಂದಳು, ಎಷ್ಟು ಸರಳವಾಗಿ ಹೇಳಿದಳು, ನನಗೇ ಹೇಳಿದಳು, ಬೇರೆ ಯಾರಿಗೂ ಅಲ್ಲ.

ಅಜ್ಜಿ, ಟೆನ್ ಮಿನಿಟ್ಸ್ — ಇನ್ನು ಹತ್ತು ನಿಮಿಷ — ಸೋಮವಾರ ಬಿದ್ದಳು, ಸ್ನಾನದ ಮನೆಯಲ್ಲಿ, ಬಲಗೈ ಬಲಗಾಲು ಹೋಯಿತು, ಮಾತು ಹೋಯಿತು, ಶ್ರೀಕಾಂತ ಅಡ್ಮಿಟ್ ಮಾಡಿ ಫಾರಂ ತುಂಬಲು ಓಡಾಡುತ್ತಿದ್ದ, ಪಕ್ಕದಲ್ಲಿ ನಾನು, ಫಿಲಿಪೀನ್ಸಿನ ಆ ನರ್ಸು ಎಷ್ಟು ಒಳ್ಳೆಯ ಹುಡುಗಿ, ನನಗೆ ಕುರ್ಚಿ ತಂದುಕೊಟ್ಟಳು, ಮೆತ್ತೆ ತಂದುಕೊಟ್ಟಳು, ಸ್ಕ್ಯಾನಿಗೆ ಹೋಗುವ ಮುಂಚೆ ಮೈಮೇಲೆ ಬೆಳ್ಳಿ ಬಂಗಾರ ಏನೂ ಇರಕೂಡದು ಎಂದಳು, ಪಾರ್ವತೆವ್ವನ ಎಡಗೈ ಎದೆಯ ಮೇಲಿನ ಕರಡಿಗೆಯನ್ನು ಮುಷ್ಟಿ ಮಾಡಿ ಹಿಡಿದಿತ್ತು, ಎಳೆಯಲು ನರ್ಸಿಗೆ ಮನಸ್ಸು ಬಾರದೆ ನನ್ನ ಮುಖ ನೋಡಿದಳು, ನಾನು, ಕೊಡಿ ಪಾರ್ವತೆವ್ವ, ನಾನಿದ್ದೀನಲ್ಲ, ನಾನು ನೋಡ್ಕೋತೀನಿ, ಎಂದೆ, ನನ್ನ ಕಣ್ಣನ್ನೇ ನೋಡಿದಳು, ಒಂದೊಂದೇ ಬೆರಳು ಸಡಿಲಿಸಿದಳು, ನಾನು ಹೇಳಿದೆನೆಂದು ಬಿಟ್ಟಳು — ಸ್ಕ್ಯಾನು ಮುಗಿದು ಅರ್ಧ ಗಂಟೆಗೆ ಹಿಂದಕ್ಕೆ ಬಂದಳು, ಆಗಲೇ ಕೊರಳಿಗೆ ಹಾಕಬಹುದಿತ್ತು, ಹಾಕಲಿಲ್ಲ, ಇಷ್ಟು ಜನ ಬಂದುಹೋಗುವ ಜಾಗ, ಎಲ್ಲಾದರೂ ಕಳೆದುಹೋದರೆ, ಮೈಲಿಗೆ ಬೇರೆ, ಹಾಸಿಗೆಯಲ್ಲೇ ಎಲ್ಲ ಆಗುವ ಹೊತ್ತು, ಆಪತ್ತಿಗೆ ನೇಮವಿಲ್ಲ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು, ಜ್ವರದಲ್ಲಿ ಏಕಾದಶಿ ಇಲ್ಲ, ಬಾಣಂತಿಗೆ ಮಡಿ ಇಲ್ಲ, ನಮ್ಮ ದೇವರು ಕಾಯುತ್ತಾನೆ, ಸಂಪುಟದಲ್ಲಿ ತಿಂಗಳುಗಟ್ಟಲೆ ಕಾದುಕೊಂಡು ಕೂರುತ್ತಾನೆ — ಮನೆಗೆ ತಂದೆ, ದೇವರ ಮನೆಯಲ್ಲಿ ಬೇರೆ ಮಣೆ ಹಾಕಿ ಅದರ ಮೇಲಿಟ್ಟೆ, ದಿನಾ ಬೆಳಿಗ್ಗೆ ಹೂವಿಟ್ಟೆ, ದೀಪ ಹಚ್ಚಿದೆ, ನಾನು ಎಂಥ ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು, ಅನ್ನಿಸಿತ್ತು ನಿಜವಾಗಿ.

ಮಂಗಳವಾರ ಗಂಜಿ ಒಯ್ದೆ, ತೆಳ್ಳಗೆ ಬಸಿದು, ಜೀರಿಗೆ ಹಾಕಿ, ನುಂಗಬಲ್ಲಳು ಕೊಡಿ ಎಂದಿದ್ದರು ಡಾಕ್ಟರು, ಚಮಚ ತುಟಿಗಿಟ್ಟರೆ ಬಾಯಿ ಮುಚ್ಚಿದಳು, ಹಲ್ಲು ಕಚ್ಚಿದಳು, ಎಡಗೈ ಹೊದಿಕೆಯ ಕೆಳಗಿಂದ ಹೊರಬಂತು, ನೀಲಿ ಹೊದಿಕೆಯ ಮೇಲೆ ಅಂಗೈ ಮೇಲಾಗಿ ತೆರೆದುಕೊಂಡಿತು, ನನ್ನ ಕಡೆ ಚಾಚಿತು, ನಾನು — ಬುಧವಾರ ನೀರು ಕೊಟ್ಟೆ, ಒದ್ದೆ ಹತ್ತಿ ತುಟಿಗೊತ್ತಿದೆ, ಮುಖ ಆಚೆ ತಿರುಗಿಸಿದಳು, ಅಂಗೈ ಮತ್ತೆ ತೆರೆಯಿತು, ಚಾಚಿತು, ಭಯವಾಗಿದೆ ಪಾಪ, ಕೈ ಹಿಡಿಯಬೇಕಂತೆ, ಎಂದು ನರ್ಸಿಗೆ ಹೇಳಿದೆ, ನನ್ನ ಕೈಯನ್ನು ಆ ಅಂಗೈಯಲ್ಲಿಟ್ಟೆ, ಅವಳ ಬೆರಳು ನನ್ನ ಕೈಯನ್ನು ಸುತ್ತಿಕೊಂಡವು, ಒಂದು ಗಳಿಗೆ ಹಿಡಿದಳು, ಆಮೇಲೆ ಬಿಟ್ಟಳು, ಮತ್ತೆ ತೆರೆದಳು, ಎಷ್ಟು ಸಲ, ಗುರುವಾರವೂ, ನಾನು ಕಿವಿಯ ಹತ್ತಿರ ಬಾಗಿ, ನಿಮ್ಮ ಲಿಂಗ ಕ್ಷೇಮವಾಗಿದೆ ಪಾರ್ವತೆವ್ವ, ನಮ್ಮ ದೇವರ ಜೊತೇಲೇ ಇಟ್ಟಿದ್ದೀನಿ, ಏನೂ ಯೋಚನೆ ಮಾಡಬೇಡಿ, ಎಂದೆ, ಅವಳ ಕಣ್ಣಿಂದ ನೀರು ಇಳಿಯಿತು, ಕಿವಿಯ ತನಕ ಇಳಿಯಿತು, ನೋಡು ಎಷ್ಟು ಸಮಾಧಾನವಾಯಿತು ಅವಳಿಗೆ, ಎಂದು ಮನೆಗೆ ಬಂದು ಗಿರೀಶನ ಹತ್ತಿರ ಹೇಳಿದೆ, ಅನ್ನ ಕಲಸಿಕೊಂಡು ಹೇಳಿದೆ, ಉಂಡೆ — ಶುಕ್ರವಾರ ಡಾಕ್ಟರು ಶ್ರೀಕಾಂತನಿಗೆ, ಕೆಲವರು ಹೀಗೇ ತಾವೇ ತೀರ್ಮಾನ ಮಾಡಿಬಿಡುತ್ತಾರೆ, ಬಲವಂತ ಮಾಡಬೇಡಿ, ಎಂದರು, ಶನಿವಾರ ಬೆಳಿಗ್ಗೆ ಮೆದುಳಿನಲ್ಲಿ ಇನ್ನೊಂದು ಸಲ ರಕ್ತ ಹೆಪ್ಪುಗಟ್ಟಿ ತೀರಿಹೋದಳು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು, ಇಲ್ಲದೇ ಇರಬಹುದು, ಸಾವು ನನ್ನಿಂದಲ್ಲ, ನಡುವಿನ ದಿನಗಳು?

ತನ್ವಿ, ಒಂದು ಮಾತು ಕೇಳಲಾ, ಯಾರಿಗೋ ನಮ್ಮಿಂದ ತಪ್ಪಾಗಿದೆ, ನಮಗೊಬ್ಬರಿಗೇ ಗೊತ್ತು, ಅವರ ಮನೆಯವರಿಗೆ ಗೊತ್ತಿಲ್ಲ, ಗೊತ್ತಿಲ್ಲದ್ದರಿಂದ ನೆಮ್ಮದಿಯಾಗಿದ್ದಾರೆ, ಹೇಳಬೇಕಾ? — ಸಿಗ್ನಲ್ಲಿನ ಕೆಂಪು ಬೆಳಕು ಅವಳ ಕೆನ್ನೆಯ ಮೇಲೆ, ಅವಳು ನನ್ನನ್ನೂ ನೋಡಿದಳು, ನನ್ನ ತೊಡೆಯ ಮೇಲಿನ ಬಿಳಿ ಗಂಟನ್ನೂ ನೋಡಿದಳು, ಹೂ ವುಡ್ ಇಟ್ ಹೆಲ್ಪ್, ಅಜ್ಜಿ? — ಯಾರಿಗೆ ಉಪಯೋಗ, ಸರಿಯಾದ ಪ್ರಶ್ನೆಯೇ, ಶ್ರೀಕಾಂತನಿಗೆ ಇಲ್ಲ, ನಿನ್ನೆ ಫೋನಿನಲ್ಲಿ ಎಷ್ಟು ಹಗುರವಾಗಿ ಹೇಳಿದ, ಅವ್ವ ಶರಣರಂಗ ಹೋದ್ಲು ಆಂಟಿ, ತಾನs ಅನ್ನ ನೀರು ಬಿಟ್ಟ ಹೋದ್ಲು, ನಾಳೆ ಎಲ್ಲಾರ ಮುಂದ ಅದನ್ನs ಹೇಳ್ತೀನಿ — ನನಗೂ ಉಪಯೋಗವಿಲ್ಲ, ಹೇಳಿ ಹಗುರಾಗುವ ವಯಸ್ಸಲ್ಲ ಇದು, ಆದರೆ ಅವಳು ಮಾತಾಡಿದ್ದಳಲ್ಲ, ಮಾತು ಹೋದ ಮೇಲೂ ಒಂದೇ ಒಂದು ಮಾತನ್ನು ಆ ಕೈಯಿಂದ ಆಡುತ್ತಲೇ ಇದ್ದಳಲ್ಲ, ಅದು ಕೇಳಿಸಿದ್ದು ನನಗೊಬ್ಬಳಿಗೆ, ಅದೂ ಇವತ್ತು ಬೆಳಿಗ್ಗೆ, ಎಲ್ಲ ಮುಗಿದ ಮೇಲೆ, ನಾನೂ ನುಂಗಿಬಿಟ್ಟರೆ ಅವಳು ಆಡಲೇ ಇಲ್ಲವೆಂದಾಗುತ್ತದೆ, ಅನ್ನ ಬೇಡವೆಂದವಳು ಎಂದು ಹೆಸರಾಗುತ್ತದೆ, ಉಂಡ್ರ್ಯಾ ಉಂಡ್ರ್ಯಾ ಎಂದು ಊರನ್ನೆಲ್ಲ ಕೇಳಿದವಳಿಗೆ.

ಬಂತು, ಅಂತ್ಯಸಂಸ್ಕಾರದ ಮನೆ, ಕಾರು ನಿಂತಿತು, ಹನ್ನೊಂದು ಹತ್ತು, ಇಷ್ಟು ಜನ, ಹೊರಗೆ ಹಿಮದಲ್ಲೇ ನಿಂತಿದ್ದಾರೆ, ಬೇಸ್‌ಮೆಂಟಿನ ಹುಡುಗಿಯರು, ಶಿಫ್ಟಿನ ಬಟ್ಟೆಯಲ್ಲೇ ಬಂದವರು, ಸ್ಕೂಲಿನ ಮಕ್ಕಳು ಈಗ ಗಡ್ಡ ಬಿಟ್ಟ ಗಂಡಸರು, ಉದ್ದ ಕೋಟಿನ ಸೊಮಾಲಿ ತಾಯಿಯೊಬ್ಬಳು ನನಗೆ ಬಾಗಿಲು ಹಿಡಿದು ನಿಂತಳು, ಒಳಗೆ ಬೆಚ್ಚಗೆ, ಹೂವಿನ ವಾಸನೆ, ವಿಭೂತಿಯ ವಾಸನೆ, ಶ್ರೀಕಾಂತ ಓಡಿ ಬಂದು ಕಾಲು ಮುಟ್ಟಿದ, ತಂದ್ರ್ಯಾ ಆಂಟಿ, ನೀವs ಇಡ್ರಿ, ನಿಮ್ಮ ಮ್ಯಾಲ ಅಕಿ ಜೀವಾ ಇಟ್ಟಿದ್ಲು, ನಾ ಅಂತೂ ಕಾಲೇಜಿಗೆ ಬಂದಾಗs ನನ್ನ ಲಿಂಗ ತಗದ ಇಟ್ಟಾಂವ, ನನಗ ಹಕ್ಕಿಲ್ಲ — ಪೆಟ್ಟಿಗೆಯಲ್ಲಿ ಅವಳು, ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಎಷ್ಟು ಸಣ್ಣಗಾಗಿದ್ದಾಳೆ, ಬಲಗೈಯ ಕೆಳಗೆ ಎಡಗೈ, ಮುಷ್ಟಿ ಬಿಗಿದಿದೆ, ಆ ಮನೆಯ ಕೆಲಸದವನು, ಕಪ್ಪು ಸೂಟಿನ ಎತ್ತರದ ಮನುಷ್ಯ, ಟೇಕ್ ಯುವರ್ ಟೈಮ್ ಮ್ಯಾಮ್ ಎಂದು ಎರಡು ಹೆಜ್ಜೆ ಹಿಂದೆ ಸರಿದ, ನಾನು ವಸ್ತ್ರ ಬಿಚ್ಚಿ ಕರಡಿಗೆ ತೆರೆದೆ, ಶ್ರೀಕಾಂತ ತಾಯಿಯ ಬೆರಳುಗಳನ್ನು ಬಿಡಿಸಲು ನೋಡಿದ, ಮೆಲ್ಲಗೆ, ನೋವಾಗಬಾರದೆಂಬಂತೆ, ಬರಲಿಲ್ಲ, ಹೆಂಗ ಬಿಗಿ ಹಿಡದಾಳ ನೋಡ್ರಿ ಆಂಟಿ, ಎಂದು ನಗಲು ಹೋದ, ತೆರೆದಿತ್ತಪ್ಪಾ, ಎಂದೆ, ನನ್ನ ಬಾಯಿಂದ ಬಂದೇಬಿಟ್ಟಿತು, ತೆರೆದೇ ಇತ್ತು ಶ್ರೀಕಾಂತ, ನಾಲ್ಕು ದಿನ, ಊಟ ಕೊಟ್ಟಾಗೆಲ್ಲ ಚಾಚುತ್ತಿದ್ದಳು, ಇದನ್ನು ಕೇಳುತ್ತಿದ್ದಳು, ಇದು ಕೈಗೆ ಬರದೆ ಅವಳು ನೀರು ಮುಟ್ಟುವುದಿಲ್ಲ, ನನಗೆ ಗೊತ್ತಿತ್ತು, ಗೊತ್ತಿದ್ದೂ ಹೊಳೆಯಲಿಲ್ಲ, ನಾನು ಮನೆಯಲ್ಲಿಟ್ಟಿದ್ದೆ, ದೀಪ ಹಚ್ಚಿಟ್ಟಿದ್ದೆ, ನನ್ನ ಕೈ ಇಟ್ಟೆ ಅವಳ ಕೈಯಲ್ಲಿ — ಅವನು ಬೈಯಲಿಲ್ಲ, ಬೈದಿದ್ದರೆ, ತಾಯಿಯ ಬೆರಳ ಮೇಲೆ ಅವನ ಬೆರಳು ಹಾಗೇ ನಿಂತಿತು, ಜೇಬಿನಿಂದ ಅರ್ಧ ಇಣುಕುತ್ತಿದ್ದ ಮಡಿಸಿದ ಕಾಗದ, ಎಲ್ಲರ ಮುಂದೆ ಓದಲು ಬರೆದುಕೊಂಡದ್ದು, ಅದನ್ನು ಒಳಗೆ ತಳ್ಳಿದ, ಐವತ್ತು ವರ್ಷದ ಗಂಡಸು, ಎಂಟು ವರ್ಷದವನ ದನಿಯಲ್ಲಿ, ಅಂದ್ರ ಅವ್ವಗ ಹಸಿವಿತ್ತಾ ಆಂಟಿ?

ಹಿಂದೆ ಯಾರೋ ಕೆಮ್ಮಿದರು, ಯಾರೋ ಕುರ್ಚಿ ಸರಿಸಿದರು, ಹೂಂ ಎನ್ನಬೇಕು, ಹೂಂ ಎಂದೆನೇ, ಶ್ರೀಕಾಂತ ಬಗ್ಗಿ ಮೊದಲ ಬೆರಳು ಬಿಡಿಸುತ್ತಿದ್ದಾನೆ, ಎರಡನೆಯದು, ನನ್ನ ಕೈಯಲ್ಲಿ ಕರಿಯ ಲಿಂಗ ತಣ್ಣಗೆ, ಇಡ್ರಿ ಆಂಟಿ ಎನ್ನುತ್ತಿದ್ದಾನೆ, ಇಡಬೇಕು, ಕಾಣುವುದು ಈ ಕೈಯಲ್ಲ, ನೀಲಿ ಹೊದಿಕೆ, ಕಿಟಕಿಯ ಬೆಳಕು, ಮೇಜಿನ ಮೇಲೆ ಆರುತ್ತಿರುವ ಗಂಜಿ, ಅವಳ ಕಣ್ಣು ನನ್ನ ಮೇಲೆ, ಅಂಗೈ ತೆರೆಯುತ್ತದೆ, ಚಾಚುತ್ತದೆ, ನಾನು ನಗುತ್ತಾ ಬಾಗಿ ಅದರಲ್ಲಿ ನನ್ನ ಕೈ ಇಡುತ್ತೇನೆ, ಹಿಡಿಯುತ್ತಾಳೆ, ಬಿಡುತ್ತಾಳೆ, ಅಂಗೈ ತೆರೆಯುತ್ತದೆ, ನನ್ನ ಕೈ ಇಡುತ್ತೇನೆ, ಬಿಡುತ್ತಾಳೆ, ಅಂಗೈ ತೆರೆಯುತ್ತದೆ, ಅಂಗೈ —